ಹಳೆ ಥಿಯೇಟರಿನ ಹೊರಗೋಡೆ ಮುಟ್ಟುವ ಮುನ್ನ: ನ್ಯೂಯಾರ್ಕಿನ ಲ್ಯಾಂಡ್‌ಮಾರ್ಕ್ ನಿಯಮಗಳು, ಹೆಜ್ಜೆ ಹೆಜ್ಜೆಯಾಗಿ

ಥಿಯೇಟರಿಗೆ ಹೊಸ ನಾಟಕ ಬಂತೆಂದರೆ ಮೊದಲು ಬದಲಾಗುವುದು ಹೊರಗಿನ ಬೋರ್ಡು. ಹಳೆಯದು ಇಳಿಯುತ್ತದೆ, ಹೊಸದು ಏರುತ್ತದೆ. ಬಾಗಿಲ ಪಕ್ಕದ ಪೋಸ್ಟರ್ ಚೌಕಟ್ಟಿಗೆ ಹೊಸ ಬಣ್ಣ ಬೀಳುತ್ತದೆ. ನ್ಯೂಯಾರ್ಕಿನ ಬ್ರಾಡ್‌ವೇ ಥಿಯೇಟರುಗಳಲ್ಲಿ ಇದು ನೂರು ವರ್ಷಗಳಿಂದ ನಡೆದುಬಂದ ಕೆಲಸ. ಆದರೆ ಆ ಕಟ್ಟಡ ಲ್ಯಾಂಡ್‌ಮಾರ್ಕ್ ಆಗಿದ್ದರೆ, ಅಂದರೆ ಇದನ್ನು ಉಳಿಸಿಕೊಳ್ಳಬೇಕು ಎಂದು ನಗರವೇ ಘೋಷಿಸಿದ್ದರೆ, ಬೋರ್ಡಿನ ಮೊಳೆ ಗೋಡೆಯಲ್ಲಿ ಎಲ್ಲಿ ಕೂರಬೇಕು ಎನ್ನುವುದಕ್ಕೂ ನಿಯಮವಿದೆ.

ಇಂಥ ಕಟ್ಟಡಗಳ ಅರ್ಜಿಗೆ ನಕ್ಷೆ, ಫೋಟೋ ಜೋಡಿಸುವ ಕೆಲಸ ನಾನು ಮಾಡಿದ್ದೇನೆ. ಅರ್ಜಿ ತಿಂಗಳುಗಟ್ಟಲೆ ಎಳೆಯುವುದನ್ನು ನೋಡಿದ್ದೇನೆ, ಒಂದೇ ಸಲಕ್ಕೆ ಪಾಸಾಗುವುದನ್ನೂ ನೋಡಿದ್ದೇನೆ. ಎಳೆಯುವುದಕ್ಕೆ ಕಾರಣ ಬಹಳ ಸಲ ಒಂದೇ. ಈ ಗೋಡೆಯಲ್ಲಿ ಏನು ಉಳಿಯಬೇಕು ಅಂತ ತಿಳಿದುಕೊಳ್ಳುವ ಮೊದಲೇ ಏನು ಬದಲಾಗಬೇಕು ಅಂತ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಆರ್ಕಿಟೆಕ್ಟ್ ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ, ಕಾಂಟ್ರಾಕ್ಟರುಗಳಿಗೆ, ಥಿಯೇಟರ್ ನೋಡಿಕೊಳ್ಳುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಿಯಮ ಬಂದದ್ದು ಹೇಗೆ

1963ರಲ್ಲಿ ನ್ಯೂಯಾರ್ಕಿನ ಹಳೆ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು ಒಡೆಯಲು ಶುರುಮಾಡಿದರು. ಅಷ್ಟು ದೊಡ್ಡ, ಅಷ್ಟು ಚೆಂದದ ಕಟ್ಟಡ ಕಣ್ಣೆದುರೇ ಹೋಗಿದ್ದು ಜನರಿಗೆ ತಡೆಯಲಾಗಲಿಲ್ಲ. 1965ರ ಏಪ್ರಿಲ್ 19ರಂದು ಮೇಯರ್ ರಾಬರ್ಟ್ ವ್ಯಾಗ್ನರ್ ಲ್ಯಾಂಡ್‌ಮಾರ್ಕ್ ಕಾಯ್ದೆಗೆ ಸಹಿ ಹಾಕಿದರು. ಲ್ಯಾಂಡ್‌ಮಾರ್ಕ್ಸ್ ಪ್ರಿಸರ್ವೇಶನ್ ಕಮಿಷನ್ ಹುಟ್ಟಿಕೊಂಡಿತು. ಅದರಲ್ಲಿ 11 ಜನ ಕಮಿಷನರುಗಳು. ಕನಿಷ್ಠ 30 ವರ್ಷ ಹಳೆಯದಾದ ಕಟ್ಟಡವನ್ನು ಅವರು ಲ್ಯಾಂಡ್‌ಮಾರ್ಕ್ ಎಂದು ಘೋಷಿಸಬಹುದು. ಶುರುವಿನಲ್ಲಿ ಹೊರಭಾಗಕ್ಕೆ ಮಾತ್ರ ರಕ್ಷಣೆ ಇತ್ತು. 1973ರಲ್ಲಿ ತಿದ್ದುಪಡಿಯಾಗಿ ಜನ ಓಡಾಡುವ ಒಳಭಾಗಗಳೂ ಸೇರಿದವು.

ಥಿಯೇಟರುಗಳ ಸರದಿ ಬಂದದ್ದು ಇನ್ನೊಂದು ನಷ್ಟದ ನಂತರ. 1982ರಲ್ಲಿ ಟೈಮ್ಸ್ ಸ್ಕ್ವೇರಿನ ಪಕ್ಕ ಒಂದು ದೊಡ್ಡ ಹೋಟೆಲಿಗಾಗಿ ಐದು ಥಿಯೇಟರುಗಳನ್ನು ಕೆಡವಿದರು. ಹೆಲೆನ್ ಹೇಯ್ಸ್, ಮೊರಾಸ್ಕೊ, ಬಿಜೂ ಅದರಲ್ಲಿದ್ದವು. ನಟರು, ನಿರ್ದೇಶಕರು ಬೀದಿಗಿಳಿದು ಪ್ರತಿಭಟಿಸಿದರೂ ಪ್ರಯೋಜನವಾಗಲಿಲ್ಲ. ಆ ಗಾಯದಿಂದಲೇ ಮುಂದಿನ ಹೆಜ್ಜೆ ಹುಟ್ಟಿತು. 1987 ಮತ್ತು 1988ರಲ್ಲಿ ಕಮಿಷನ್ 28 ಥಿಯೇಟರುಗಳನ್ನು ಲ್ಯಾಂಡ್‌ಮಾರ್ಕ್ ಪಟ್ಟಿಗೆ ಸೇರಿಸಿತು. ಥಿಯೇಟರ್ ಮಾಲೀಕರು ಕೋರ್ಟಿಗೆ ಹೋದರು. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ, ಘೋಷಣೆ ಉಳಿಯಿತು. ಕಾಯ್ದೆಯ ಬುನಾದಿಯಂತೂ 1978ರಲ್ಲೇ ಗಟ್ಟಿಯಾಗಿತ್ತು. ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮೇಲೆ ಗೋಪುರ ಕಟ್ಟಲು ಹೊರಟ ಪೆನ್ ಸೆಂಟ್ರಲ್ ಕಂಪನಿ ಅದೇ ಕೋರ್ಟಿನಲ್ಲಿ ಸೋತಿತ್ತು.

ಮೊದಲ ಹೆಜ್ಜೆ: ಘೋಷಣೆಯ ವರದಿ ಓದಿ

ಪ್ರತಿ ಲ್ಯಾಂಡ್‌ಮಾರ್ಕಿಗೂ ಕಮಿಷನ್ ಒಂದು ವರದಿ ಬರೆದಿರುತ್ತದೆ. ಡೆಸಿಗ್ನೇಶನ್ ರಿಪೋರ್ಟ್ ಅಂತ ಕರೆಯುತ್ತಾರೆ. ಕಮಿಷನ್ನಿನ ಜಾಲತಾಣದಲ್ಲಿ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಕಟ್ಟಡ ಯಾರು ಕಟ್ಟಿದರು, ಯಾವಾಗ, ಮುಂಗೋಡೆ ಹೇಗಿದೆ, ಯಾವ ಕಲ್ಲು, ಎಷ್ಟು ಕಿಟಕಿ, ಆ ಹೊತ್ತಿಗೆ ಏನೇನು ಬದಲಾಗಿತ್ತು, ಎಲ್ಲ ಅದರಲ್ಲಿ ಇರುತ್ತದೆ. ಒಂದು ಪ್ರತಿ ಪ್ರಿಂಟ್ ಹಾಕಿಸಿ, ಪೆನ್ನು ಹಿಡಿದು ಓದಿ. ನಿಮ್ಮ ಕೆಲಸ ಮುಟ್ಟುವ ಪ್ರತಿ ಭಾಗದ ಹೆಸರು ಬಂದಲ್ಲಿ ಗೆರೆ ಎಳೆಯಿರಿ.

ಇಲ್ಲಿ ಒಂದು ವಿಷಯ ಮರೆಯಬಾರದು. ಥಿಯೇಟರುಗಳಿಗೆ ಹೊರಭಾಗದ ವರದಿ ಬೇರೆ, ಒಳಭಾಗದ ವರದಿ ಬೇರೆ. ಎರಡೂ ಇರಬೇಕೆಂದಿಲ್ಲ. ಪ್ಯಾಲೇಸ್ ಥಿಯೇಟರಿಗೆ ಒಳಭಾಗಕ್ಕೆ ಮಾತ್ರ ರಕ್ಷಣೆ. 1913ರ ಆ ಸಭಾಂಗಣವನ್ನು ಹಾಗೆಯೇ ಇಡಿಯಾಗಿ ಸುಮಾರು 30 ಅಡಿ ಮೇಲಕ್ಕೆತ್ತಿ, ಕೆಳಗೆ ಅಂಗಡಿಗಳಿಗೆ ಜಾಗ ಮಾಡಿಕೊಂಡರು. ಆ ಎತ್ತುವ ಕೆಲಸ ಮುಗಿದದ್ದು 2022ರಲ್ಲಿ. ಲಂಟ್-ಫಾಂಟಾನ್ ಥಿಯೇಟರಿನ ಕತೆ ತಿರುಗಾ ಮುರುಗಾ. ಅದರ ಒಳಭಾಗ 1950ರ ದಶಕದಲ್ಲೇ ಪೂರ್ತಿ ಬದಲಾಗಿತ್ತು, ಹಾಗಾಗಿ 1910ರ ಹೊರಭಾಗಕ್ಕೆ ಮಾತ್ರ ರಕ್ಷಣೆ. ಲೈಸಿಯಂ, ನ್ಯೂ ಆಮ್‌ಸ್ಟರ್‌ಡ್ಯಾಂ, ಅಪೊಲೊದಂಥವಕ್ಕೆ ಒಳಗೂ ಹೊರಗೂ ಎರಡೂ ಇವೆ.

ಹೊರಭಾಗಕ್ಕೆ ರಕ್ಷಣೆ ಇದ್ದರೆ ಅದು ರಸ್ತೆಗೆ ಕಾಣುವ ಮುಖಕ್ಕೆ ಮಾತ್ರ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಹಿಂದಿನ ಗೋಡೆ, ಪಕ್ಕದ ಓಣಿಯ ಕಬ್ಬಿಣದ ಮೆಟ್ಟಿಲು, ತಾರಸಿ, ರಂಗದ ಮೇಲಿನ ಎತ್ತರದ ಇಟ್ಟಿಗೆ ಡಬ್ಬಿ, ಎಲ್ಲವೂ ಕಮಿಷನ್ನಿನ ವ್ಯಾಪ್ತಿಗೆ ಬರುತ್ತವೆ. ರಸ್ತೆಗೆ ಕಾಣದ ಕಡೆ ಹೆಚ್ಚು ಸಡಿಲ ಇರುತ್ತದೆ, ನಿಜ. ಆದರೆ ಕೇಳದೇ ಮಾಡುವಂತಿಲ್ಲ.

ಎರಡನೇ ಹೆಜ್ಜೆ: ಹಳೆ ಫೋಟೋ ಹುಡುಕಿ

ನನಗೆ ಈ ಕೆಲಸದಲ್ಲಿ ಅತ್ಯಂತ ಇಷ್ಟದ ಭಾಗ ಇದು. 1939ರಿಂದ 1941ರ ನಡುವೆ ನಗರದವರು ತೆರಿಗೆ ಲೆಕ್ಕಕ್ಕಾಗಿ ನ್ಯೂಯಾರ್ಕಿನ ಕಟ್ಟಡಗಳನ್ನೆಲ್ಲ ಒಂದೊಂದಾಗಿ ಫೋಟೋ ತೆಗೆದಿದ್ದಾರೆ. ಮುನಿಸಿಪಲ್ ಆರ್ಕೈವ್ಸ್ ಅವನ್ನು ಅಂತರಜಾಲದಲ್ಲಿ ಇಟ್ಟಿದೆ. ನಿಮ್ಮ ಕಟ್ಟಡದ ಬ್ಲಾಕ್ ನಂಬರು, ಲಾಟ್ ನಂಬರು ಗೊತ್ತಿದ್ದರೆ ಐದು ನಿಮಿಷದಲ್ಲಿ ಸಿಗುತ್ತದೆ. ಆ ಕಪ್ಪು ಬಿಳುಪು ಚಿತ್ರದಲ್ಲಿ ಮಾರ್ಕೀ ಹೇಗಿತ್ತು, ಪೋಸ್ಟರ್ ಚೌಕಟ್ಟು ಎಷ್ಟಿದ್ದವು, ಬಾಗಿಲಿಗೆ ಎಷ್ಟು ಗಾಜಿತ್ತು, ಎಲ್ಲ ಕಾಣುತ್ತದೆ. ಮಾರ್ಕೀ ಅಂದರೆ ಬಾಗಿಲ ಮೇಲೆ ಫುಟ್‌ಪಾತಿನವರೆಗೂ ಚಾಚಿಕೊಂಡ ಚಾವಣಿ, ನಾಟಕದ ಹೆಸರು ಮಿಂಚುವ ಜಾಗ.

ಕೊಲಂಬಿಯಾ ವಿಶ್ವವಿದ್ಯಾಲಯದ ಏವರಿ ಗ್ರಂಥಾಲಯದಲ್ಲಿ, ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ರಂಗಭೂಮಿ ವಿಭಾಗದಲ್ಲಿ ಕೂಡ ಹುಡುಕಿ. ಹಳೆ ಚಿತ್ರವಿದ್ದರೆ ನಿಮ್ಮ ಅರ್ಜಿಯ ಧಾಟಿಯೇ ಬದಲಾಗುತ್ತದೆ. "ನಮಗೆ ಇದು ಬೇಕು" ಅನ್ನುವ ಬದಲು "ಇಲ್ಲಿ ಇದು ಇತ್ತು" ಅನ್ನಬಹುದು ನೋಡಿ.

ಆದರೆ ಎಲ್ಲಕ್ಕಿಂತ ಹಳೆಯದೇ ಸರಿ ಅಂತೇನಿಲ್ಲ. ಮೊದಲ ದಿನ ಇದ್ದದ್ದು ಗಾಜು ಕಬ್ಬಿಣದ ಸಣ್ಣ ಚಾವಣಿ ಇರಬಹುದು. ಇಪ್ಪತ್ತು ಮೂವತ್ತು ವರ್ಷದ ನಂತರ ಬಂದ ದೊಡ್ಡ ಮಾರ್ಕೀಯೇ ಜನರ ನೆನಪಿನಲ್ಲಿ ಉಳಿದಿರಬಹುದು. ಕಾಲಕ್ರಮದಲ್ಲಿ ಬಂದ ಬದಲಾವಣೆಗೂ ತನ್ನದೇ ಬೆಲೆ ಬಂದಿದ್ದರೆ ಅದನ್ನೂ ಉಳಿಸಬೇಕು ಎನ್ನುವುದು ಅಮೆರಿಕದ ಸಂರಕ್ಷಣಾ ಕ್ಷೇತ್ರದಲ್ಲಿ ಎಲ್ಲರೂ ಒಪ್ಪಿದ ತತ್ವ. ಹಾರ್ಲೆಮಿನ ಅಪೊಲೊ ಇದಕ್ಕೆ ಒಳ್ಳೆ ಉದಾಹರಣೆ. ಕಟ್ಟಡ 1914ರದ್ದು. 2000ರ ದಶಕದಲ್ಲಿ ಎಲ್‌ಇಡಿ ದೀಪದ ಹೊಸ ಮಾರ್ಕೀ ಹಾಕಿದಾಗ ಹೋಲಿಕೆ ಹುಡುಕಿದ್ದು 1940ರ ದಶಕದ ಮಾರ್ಕೀಗೆ. ಜನರಿಗೆ ಅಪೊಲೊ ಅಂದರೆ ಅದೇ ಅಲ್ವಾ?

ಮೂರನೇ ಹೆಜ್ಜೆ: ಯಾವ ಪರವಾನಗಿ ಬೇಕು ಅಂತ ತಿಳಿಯಿರಿ

ಒಡೆದ ಕಿಟಕಿ ಗಾಜು ಹಾಕಿಸುವುದು, ಈಗಿರುವ ಬಣ್ಣವನ್ನೇ ಮತ್ತೆ ಹಚ್ಚುವುದು, ಇಂಥ ದಿನನಿತ್ಯದ ರಿಪೇರಿಗೆ ಕಮಿಷನ್ನಿನ ಅನುಮತಿ ಬೇಡ. ಅದನ್ನು ಬಿಟ್ಟರೆ ಮೂರು ಬಗೆ.

ಸರ್ಟಿಫಿಕೇಟ್ ಆಫ್ ನೋ ಎಫೆಕ್ಟ್ ಎನ್ನುವುದು, ಕೆಲಸಕ್ಕೆ ಕಟ್ಟಡ ಇಲಾಖೆಯ ಪರ್ಮಿಟ್ ಬೇಕು, ಆದರೆ ಕಾಪಾಡಬೇಕಾದ ಭಾಗಕ್ಕೆ ಧಕ್ಕೆ ಇಲ್ಲ ಎಂದಾಗ. ಪರ್ಮಿಟ್ ಫಾರ್ ಮೈನರ್ ವರ್ಕ್ ಎನ್ನುವುದು, ಕಟ್ಟಡ ಇಲಾಖೆಯ ಪರ್ಮಿಟ್ ಬೇಡ, ಆದರೆ ಹೊರಗೆ ಕಾಣುವ ಭಾಗ ಬದಲಾಗುತ್ತದೆ ಎಂದಾಗ. ಬಾಗಿಲಿಗೆ ಬೇರೆ ಬಣ್ಣ, ಕಲ್ಲು ತೊಳೆಯುವುದು, ಹಾಳಾದ ಗಾರೆ ತೆಗೆದು ಹೊಸದು ತುಂಬುವುದು ಇದರಲ್ಲಿ ಬರುತ್ತವೆ. ಇವೆರಡನ್ನೂ ಕಮಿಷನ್ನಿನ ಸಿಬ್ಬಂದಿಯೇ ಕೊಡುತ್ತಾರೆ. ಮೂರನೆಯದು ಸರ್ಟಿಫಿಕೇಟ್ ಆಫ್ ಅಪ್ರೋಪ್ರಿಯೇಟ್‌ನೆಸ್. ದೊಡ್ಡ ಬದಲಾವಣೆಗೆ, ಅಥವಾ ಲಿಖಿತ ನಿಯಮಗಳಲ್ಲಿ ಕೂರದ ಬದಲಾವಣೆಗೆ ಇದು ಬೇಕು. ಇದಕ್ಕೆ ಸಾರ್ವಜನಿಕ ವಿಚಾರಣೆ ಇದೆ.

ಶೇ. 90ಕ್ಕಿಂತ ಜಾಸ್ತಿ ಅರ್ಜಿಗಳು ಸಿಬ್ಬಂದಿ ಮಟ್ಟದಲ್ಲೇ ಮುಗಿಯುತ್ತವೆ. ಹಾಗಾಗಿ ನಕ್ಷೆ ಬರೆಯುವ ಮೊದಲು ನಗರ ನಿಯಮಗಳ 63ನೇ ಶೀರ್ಷಿಕೆಯ 2ನೇ ಅಧ್ಯಾಯ ತೆಗೆದು ನೋಡಿ. ಬೋರ್ಡು, ಕಿಟಕಿ, ಗೋಡೆ ರಿಪೇರಿ, ತಾರಸಿ ಮೇಲಿನ ಯಂತ್ರ, ಹೀಗೆ ಒಂದೊಂದಕ್ಕೂ ಸಿಬ್ಬಂದಿ ಯಾವ ಮಿತಿಯೊಳಗೆ ಒಪ್ಪಬಹುದು ಅಂತ ಅಲ್ಲಿ ಬರೆದಿದೆ. ನಿಮ್ಮ ಬೋರ್ಡು ಆ ಮಿತಿಗಿಂತ ಆರಿಂಚು ದೊಡ್ಡದು ಅಂತಿಟ್ಟುಕೊಳ್ಳಿ. ಆ ಆರಿಂಚಿಗಾಗಿ ವಿಚಾರಣೆಗೆ ಹೋಗಬೇಕಾ, ಕತ್ತರಿಸಿ ಸಣ್ಣದು ಮಾಡಬೇಕಾ? ಈ ಪ್ರಶ್ನೆಯನ್ನು ಮಾಲೀಕರ ಮುಂದೆ ಮೊದಲ ವಾರದಲ್ಲೇ ಇಡಿ.

ಇನ್ನೊಂದು ಮಾತು. ಕಮಿಷನ್ನಿನ ಒಪ್ಪಿಗೆ ಇಲ್ಲದೆ ಕಟ್ಟಡ ಇಲಾಖೆ ತನ್ನ ಪರ್ಮಿಟ್ ಕೊಡುವುದಿಲ್ಲ. ಎರಡು ಕಡೆಗೂ ಒಂದೇ ನಕ್ಷೆ ಹೋಗಬೇಕು. ಒಂದರಲ್ಲಿ ಬಾಗಿಲು ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ತೆರೆಯುವಂತಿದ್ದರೆ ಎಲ್ಲ ವಾಪಸ್ ಬರುತ್ತದೆ.

ಬೋರ್ಡು ಮತ್ತು ಮಾರ್ಕೀ

ಜಾಸ್ತಿ ತಕರಾರು ಬರುವುದು ಇಲ್ಲೇ. ಟೈಮ್ಸ್ ಸ್ಕ್ವೇರಿನ ಹೊಸ ಕಟ್ಟಡಗಳಿಗೆ ಇಷ್ಟಾದರೂ ಬೆಳಗುವ ಬೋರ್ಡು ಇರಲೇಬೇಕು ಅಂತ 1987ರಿಂದ ವಲಯ ನಿಯಮ ಇದೆ. ಅದರ ನಡುವೆ ಒಂದು ಹಳೆ ಥಿಯೇಟರ್ ಮಂಕಾಗಿ ನಿಂತರೆ ಟಿಕೆಟ್ ಯಾರು ಕೊಳ್ಳುತ್ತಾರೆ ಅಂತ ನಿರ್ಮಾಪಕರು ಕೇಳುತ್ತಾರೆ. ಅವರ ಚಿಂತೆ ನ್ಯಾಯವಾದದ್ದೇ. ನಾಟಕ ನಡೆಯದ ಥಿಯೇಟರ್ ಉಳಿಯುವುದೂ ಇಲ್ಲ.

ಹಾಗಾಗಿ ನಾನು ಎರಡು ಪಟ್ಟಿ ಮಾಡಿಕೊಳ್ಳುತ್ತೇನೆ. ನಾಟಕದ ಜೊತೆ ಬಂದು ಹೋಗುವುದು ಒಂದು ಪಟ್ಟಿ: ಹೆಸರಿನ ಫಲಕ, ಪೋಸ್ಟರ್, ಬ್ಯಾನರ್. ಕಟ್ಟಡದ ಜೊತೆ ಉಳಿಯುವುದು ಇನ್ನೊಂದು: ಮಾರ್ಕೀಯ ಚೌಕಟ್ಟು, ಬ್ರಾಕೆಟ್ಟು, ವಿದ್ಯುತ್ ಪೈಪು. ಎರಡನೇ ಪಟ್ಟಿಯ ಕೆಲಸವನ್ನು ಒಮ್ಮೆ ಚೆನ್ನಾಗಿ ಮಾಡಿ, ಒಪ್ಪಿಗೆ ಪಡೆದು ಇಟ್ಟುಕೊಂಡರೆ, ಮೊದಲನೆಯದು ಅದೇ ಚೌಕಟ್ಟಿನೊಳಗೆ ಬಂದು ಹೋಗುತ್ತಿರಬಹುದು. ಪ್ರತಿ ನಾಟಕಕ್ಕೂ ಗೋಡೆ ಕೊರೆಯುವ ಪ್ರಸಂಗ ಬರುವುದಿಲ್ಲ.

ನೆನಪಿಡಬೇಕಾದ ಅಂಶಗಳು ಇಷ್ಟು. ಬೋರ್ಡು ಕಿಟಕಿ, ಕೆತ್ತನೆ, ಕಮಾನು ಮುಚ್ಚಬಾರದು. ವಯರು, ಪೈಪು ಹೊರಗೆ ಕಾಣಬಾರದು. ಬೋರ್ಡನ್ನು ಗೋಡೆಗೆ ಹಿಡಿಸುವ ಆಂಕರ್ ಬೋಲ್ಟು ಕಲ್ಲಿಗೋ ಇಟ್ಟಿಗೆಗೋ ಹೋಗದೆ ಎರಡರ ನಡುವಿನ ಗಾರೆಯ ಸಂದಿಗೆ ಹೋಗಬೇಕು. ಗಾರೆಯ ತೂತನ್ನು ನಾಳೆ ಮುಚ್ಚಬಹುದು, ಕಲ್ಲಿನ ತೂತನ್ನು ಮುಚ್ಚಿದರೂ ಗುರುತು ಹೋಗುವುದಿಲ್ಲ.

ಈ ಕೊನೆಯ ಮಾತು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಒಂದು ಹಳೆ ಥಿಯೇಟರಿನಲ್ಲಿ ಬೋರ್ಡು ಹಾಕಲು ಬಂದವರು ಅವಸರದಲ್ಲಿ ಟೆರಾಕೋಟಾ, ಅಂದರೆ ಸುಟ್ಟ ಮಣ್ಣಿನ ಅಲಂಕಾರದ ತುಂಡಿನ ನಡುವೆಯೇ ಡ್ರಿಲ್ ಇಟ್ಟರು. ಅವತ್ತು ಏನೂ ಆಗಲಿಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಚಳಿಗಾಲದಲ್ಲಿ ಅದರೊಳಗೆ ಇಳಿದ ನೀರು ಹೆಪ್ಪುಗಟ್ಟಿ ಉಬ್ಬಿತು. ವಸಂತ ಬರುವಷ್ಟರಲ್ಲಿ ಅಂಗೈ ಅಗಲದ ಹೂವಿನ ಎಸಳು ಕಳಚಿಕೊಂಡಿತ್ತು. ಅದೃಷ್ಟಕ್ಕೆ ಬಿದ್ದದ್ದು ಮಾರ್ಕೀ ಮೇಲೆ, ಕೆಳಗೆ ನಡೆಯುವವರ ಮೇಲಲ್ಲ. ಆ ತುಂಡನ್ನು ಕೈಯಲ್ಲಿ ಹಿಡಿದು ನೋಡಿದ್ದು ನನಗೆ ಈಗಲೂ ನೆನಪಿದೆ. ಮೇಲೆ ಕೆನೆಬಣ್ಣದ ಮೆರುಗು, ಒಳಗೆ ಕೆಂಪು ಮಣ್ಣು, ಮೆರುಗಿನ ದಪ್ಪ ಉಗುರಿನಷ್ಟೂ ಇಲ್ಲ.

ಎಲ್‌ಇಡಿ ಪರದೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಳೆ ಪೋಸ್ಟರ್ ಚೌಕಟ್ಟಿನೊಳಗೆ ಅದೇ ಅಳತೆಯಲ್ಲಿ ಕೂರುವ ಪರದೆಗೆ ಮಾತು ಬೆಳೆಸಲು ದಾರಿ ಇರುತ್ತದೆ. ಮುಂಗೋಡೆಯ ಮೇಲೆ ಚಾಚಿಕೊಂಡ ದೊಡ್ಡ ಪರದೆಗೆ ವಿಚಾರಣೆಗೆ ತಯಾರಾಗಿಯೇ ಹೋಗಿ. ಪರದೆಯ ಬೆಳಕು ರಾತ್ರಿ ಪಕ್ಕದ ಕೆತ್ತನೆಯನ್ನು ನುಂಗಿಬಿಡುತ್ತದಾ ಅಂತ ಕಮಿಷನರುಗಳು ಕೇಳಬಹುದು, ಹಾಗಾಗಿ ಹಗಲಿನ ಚಿತ್ರದ ಜೊತೆ ರಾತ್ರಿಯ ಚಿತ್ರವೂ ಕೊಡಿ.

ಇಟ್ಟಿಗೆ, ಕಲ್ಲು, ಟೆರಾಕೋಟಾ

ಬ್ರಾಡ್‌ವೇಯ ಹಳೆ ಥಿಯೇಟರುಗಳ ಮುಂಗೋಡೆ ಒಂದೊಂದೂ ಒಂದೊಂದು ಥರ. ಲೈಸಿಯಂ 1903ರದ್ದು, ಹರ್ಟ್ಸ್ ಮತ್ತು ಟ್ಯಾಲಂಟ್ ಜೋಡಿಯ ವಿನ್ಯಾಸ. ಸುಣ್ಣಕಲ್ಲಿನ ದಪ್ಪ ಕಂಬಗಳು, ಕೆಳಗೆ ಅಲೆಯಂತೆ ಬಳುಕುವ ಮಾರ್ಕೀ. 1913ರ ಶೂಬರ್ಟ್ ಮತ್ತು ಬೂತ್ ಥಿಯೇಟರುಗಳ ಗೋಡೆಯಲ್ಲಿ ಸ್ಗ್ರಾಫಿಟೊ ಅಲಂಕಾರ ಇದೆ. ಒಂದು ಬಣ್ಣದ ಗಾರೆಯ ಮೇಲೆ ಇನ್ನೊಂದು ಬಣ್ಣದ ಗಾರೆ ಬಳಿದು, ಹಸಿಯಿರುವಾಗಲೇ ಮೇಲಿನದನ್ನು ಕೆರೆದು ಚಿತ್ರ ಮೂಡಿಸುವ ಕಲೆ ಅದು. ಇಂಥ ಗೋಡೆಗೆ ಜೋರಾಗಿ ನೀರು ಹೊಡೆದರೆ ಏನಾಗುತ್ತದೆ, ನೀವೇ ಊಹಿಸಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಮುಟ್ಟಿ ನೋಡಿ. ಟೆರಾಕೋಟಾ ತುಂಡುಗಳನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಟ್ಟಿ ತುಂಡು ಗಂಟೆಯ ಹಾಗೆ ನಾದ ಕೊಡುತ್ತದೆ. ಒಳಗೆ ಬಿರುಕು ಬಿಟ್ಟದ್ದು ಮಂಕಾದ, ಪೊಳ್ಳು ಸದ್ದು ಮಾಡುತ್ತದೆ. ಪೊಳ್ಳು ಸದ್ದು ಬಂದದ್ದನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡಿ. ಹಿಂದಿನ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬಿ ತುಂಡನ್ನು ಹೊರಕ್ಕೆ ತಳ್ಳುತ್ತಿದೆಯಾ ಅಂತಲೂ ನೋಡಿ. ಹಾಗಿದ್ದರೆ ಮೇಲೆ ಎಷ್ಟು ಪ್ಯಾಚ್ ಹಾಕಿದರೂ ದಂಡ, ನೀರು ಒಳಗೆ ಇಳಿಯುವ ದಾರಿಯನ್ನು ಮೊದಲು ಮುಚ್ಚಬೇಕು.

ಆಮೇಲೆ ಪಾಯಿಂಟಿಂಗ್, ಅಂದರೆ ಸಂದಿಯ ಹಳೆ ಗಾರೆ ತೆಗೆದು ಹೊಸದು ತುಂಬುವುದು. ಇಲ್ಲಿ ಮಾಡುವ ತಪ್ಪು ಗಟ್ಟಿ ಸಿಮೆಂಟು ತುಂಬುವುದು. ಗಟ್ಟಿಯಾದರೆ ಒಳ್ಳೆಯದು ಅಂತ ಯಾರಿಗಾದರೂ ಅನಿಸುತ್ತದೆ. ಹಳೆ ಇಟ್ಟಿಗೆ ಮೆದು, ಅದರ ನಡುವೆ ಇದ್ದದ್ದು ಸುಣ್ಣದ ಮೆದು ಗಾರೆ. ಬಿಸಿಲಿಗೆ ಇಟ್ಟಿಗೆ ಹಿಗ್ಗಿದಾಗ ಗಾರೆ ಸ್ವಲ್ಪ ಬಳುಕಿ ಜಾಗ ಕೊಡುತ್ತದೆ. ಒಳಗಿನ ತೇವವೂ ಗಾರೆಯ ಮೂಲಕವೇ ಹೊರಗೆ ಹೋಗುತ್ತದೆ. ಅಲ್ಲಿ ಸಿಮೆಂಟು ಕೂತರೆ ಒತ್ತಡವೆಲ್ಲ ಇಟ್ಟಿಗೆಯ ಮೇಲೆ ಬಿದ್ದು ಅದರ ಮುಖ ಸಿಪ್ಪೆಯಂತೆ ಸುಲಿದು ಬರುತ್ತದೆ. ಗಾರೆ ಯಾವಾಗಲೂ ಇಟ್ಟಿಗೆಗಿಂತ ಮೆದುವಾಗಿರಬೇಕು. ಬಣ್ಣ, ಮರಳಿನ ಕಾಳು, ಸಂದಿಯ ಆಕಾರ ಮೂರೂ ಹಳೆಯದಕ್ಕೆ ಹೊಂದಬೇಕು.

ಇದಕ್ಕೆಲ್ಲ ಗೋಡೆಯ ಮೇಲೆಯೇ ಒಂದು ಮಾದರಿ ಮಾಡಿ ಸಿಬ್ಬಂದಿಗೆ ತೋರಿಸಬೇಕು. ಎಲ್ಲರ ಕಣ್ಣಿಗೆ ಬೀಳದ ಮೂಲೆ ಆರಿಸಿ. ಗಾರೆ ಪೂರ್ತಿ ಒಣಗುವವರೆಗೂ ಕಾಯಿರಿ, ಹಸಿ ಗಾರೆಯ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ತೊಳೆಯುವುದಕ್ಕೂ ಹೀಗೇ: ಕಡಿಮೆ ಒತ್ತಡದ ನೀರು, ಮೊದಲು ಮಾದರಿ. ಮರಳು ಹೊಡೆದು ಉಜ್ಜುವ ಮಾತೇ ಬೇಡ. ಬಣ್ಣ ಕಾಣದ ಇಟ್ಟಿಗೆಗೆ ಸುಮ್ನೆ ಚೆಂದಕ್ಕೆ ಅಂತ ಬಣ್ಣ ಬಳಿಯುವುದೂ ಬೇಡ.

ಬಾಗಿಲು ಮತ್ತು ತಾರಸಿ

ತಾರಸಿಯ ಮೇಲೆ ಎಸಿ ಯಂತ್ರ ಇಡುವುದಾದರೆ ಅದೇ ಎತ್ತರ, ಅಗಲಕ್ಕೆ ಮರದ ಪಟ್ಟಿಗಳ ಡಮ್ಮಿ ಚೌಕಟ್ಟು ನಿಲ್ಲಿಸಿ, ಎದುರಿನ ಫುಟ್‌ಪಾತಿನಿಂದ, ಬೀದಿಯ ಎರಡೂ ತುದಿಯಿಂದ ಫೋಟೋ ತೆಗೆಯಿರಿ. ಕಂಡರೆ ಹಿಂದಕ್ಕೆ ಸರಿಸಿ.

ಗಾಲಿಕುರ್ಚಿಯಲ್ಲಿ ಬರುವವರಿಗೆ ದಾರಿ ಮಾಡುವುದು ಕಾನೂನು, ನನ್ನ ಮಟ್ಟಿಗೆ ಮರ್ಯಾದೆಯ ಪ್ರಶ್ನೆ ಕೂಡ. ಅಂಗವಿಕಲರ ಹಕ್ಕುಗಳ ಕಾಯ್ದೆ 1990ರಿಂದ ಇದೆ, ಲ್ಯಾಂಡ್‌ಮಾರ್ಕ್ ಎನ್ನುವ ಒಂದೇ ಕಾರಣಕ್ಕೆ ಅದರಿಂದ ಪೂರ್ತಿ ತಪ್ಪಿಸಿಕೊಳ್ಳಲು ಬರುವುದಿಲ್ಲ. ಹಳೆ ಕಂಚಿನ ಬಾಗಿಲನ್ನು ಉಳಿಸಿಕೊಂಡೇ ಅದಕ್ಕೆ ತಾನಾಗಿ ತೆರೆಯುವ ಯಂತ್ರ ಹಾಕಬಹುದು. ಹೊಸ್ತಿಲಿನ ಎತ್ತರ ಇಳಿಜಾರಿನಿಂದ ಸರಿಹೋಗುತ್ತದಾ ನೋಡಿ. ಎಲ್ಲರೂ ಬರುವ ಬಾಗಿಲಿನಿಂದಲೇ ಅವರೂ ಬರುವ ಹಾಗೆ ಮಾಡಲು ಮೊದಲು ಪ್ರಯತ್ನಿಸಿ, ಹಿಂದಿನ ಓಣಿಯ ಬಾಗಿಲು ಕೊನೆಯ ಆಯ್ಕೆಯಾಗಿರಲಿ.

ವಿಚಾರಣೆಗೆ ಹೋಗುವುದಾದರೆ

ಅರ್ಜಿಗೆ ಮಾಲೀಕರ ಸಹಿ ಬೇಕು. ಬಾಡಿಗೆಗೆ ಇರುವ ನಾಟಕ ಕಂಪನಿಯ ಸಹಿ ಸಾಲದು. ಅರ್ಜಿಯನ್ನು ಅಂತರಜಾಲದಲ್ಲೇ ಸಲ್ಲಿಸಬಹುದು. ಈಗಿನ ಸ್ಥಿತಿಯ ಬಣ್ಣದ ಫೋಟೋ, ಹಳೆ ಫೋಟೋ, ಈಗ ಹೇಗಿದೆ ಮತ್ತು ಮುಂದೆ ಹೇಗಿರುತ್ತದೆ ಎನ್ನುವ ಎರಡು ನಕ್ಷೆ ಅಕ್ಕಪಕ್ಕ, ಸಾಮಾನಿನ ಮಾದರಿ, ಇಷ್ಟು ಇರಲಿ. ಕಾಗದಪತ್ರ ಪೂರ್ತಿಯಾಗುವವರೆಗೂ ಕಮಿಷನ್ನಿನ ಗಡುವು ಎಣಿಕೆಗೇ ಬರುವುದಿಲ್ಲ.

ಮೊದಲು ಆ ಪ್ರದೇಶದ ಕಮ್ಯುನಿಟಿ ಬೋರ್ಡಿನ, ಅಂದರೆ ಸ್ಥಳೀಯರ ಸಲಹಾ ಮಂಡಳಿಯ ಮುಂದೆ ಹೋಗುತ್ತೀರಿ. ಅವರದ್ದು ಸಲಹೆ ಮಾತ್ರ, ಆದರೆ ಕಮಿಷನರುಗಳು ಅದನ್ನು ಓದುತ್ತಾರೆ. ನಂತರ ವಿಚಾರಣೆ. ಅಲ್ಲಿ ಯಾರು ಬೇಕಾದರೂ ಬಂದು ಮಾತಾಡಬಹುದು, ಸಂರಕ್ಷಣಾ ಸಂಘಗಳವರು ಬಂದೇ ಬರುತ್ತಾರೆ. ಅವರನ್ನು ಎದುರಾಳಿಗಳಂತೆ ನೋಡಬೇಡಿ. ಆ ಗೋಡೆಯ ಬಗ್ಗೆ ನಿಮಗಿಂತ ಜಾಸ್ತಿ ತಿಳಿದವರು ಅವರಲ್ಲಿ ಇರಬಹುದು. ಕಮಿಷನ್ ಒಪ್ಪಬಹುದು, ಬದಲಾವಣೆ ಹೇಳಿ ಒಪ್ಪಬಹುದು, ತಿದ್ದಿ ತನ್ನಿ ಅನ್ನಬಹುದು, ಬೇಡ ಅನ್ನಬಹುದು. ತಿದ್ದಿ ತನ್ನಿ ಅಂದರೆ ಬೇಸರ ಪಡಬೇಡಿ. ಅವರು ಹೇಳಿದ ಪ್ರತಿ ಮಾತನ್ನೂ ಬರೆದುಕೊಂಡು, ಒಂದೊಂದಕ್ಕೂ ಉತ್ತರ ಹಿಡಿದು ವಾಪಸ್ ಹೋಗಿ.

ಅಂದಹಾಗೆ, ನ್ಯಾಷನಲ್ ರಿಜಿಸ್ಟರ್ ಎಂಬ ಐತಿಹಾಸಿಕ ಕಟ್ಟಡಗಳ ರಾಷ್ಟ್ರೀಯ ಪಟ್ಟಿ ಬೇರೆ, ನಗರದ ಲ್ಯಾಂಡ್‌ಮಾರ್ಕ್ ಬೇರೆ. ನ್ಯಾಷನಲ್ ರಿಜಿಸ್ಟರಿನಲ್ಲಿ ಮಾತ್ರ ಇರುವ ಕಟ್ಟಡವನ್ನು ಮಾಲೀಕರು ಸ್ವಂತ ದುಡ್ಡಿನಲ್ಲಿ ಬದಲಿಸಿದರೆ ಕೇಂದ್ರ ಸರಕಾರ ಸಾಮಾನ್ಯವಾಗಿ ತಡೆಯುವುದಿಲ್ಲ. ಆದರೆ ಶೇ. 20ರ ತೆರಿಗೆ ರಿಯಾಯಿತಿ ಬೇಕಾದರೆ ಕೇಂದ್ರದ ಇಂಟೀರಿಯರ್ ಇಲಾಖೆಯ ಕಾರ್ಯದರ್ಶಿಗಳ ಸಂರಕ್ಷಣಾ ಮಾನದಂಡಕ್ಕೆ ಕೆಲಸ ಹೊಂದಬೇಕು.

ಕೆಲಸ ನಡೆಯುವಾಗ, ಮುಗಿದ ಮೇಲೆ

ಪರವಾನಗಿಯನ್ನು ಕೆಲಸದ ಜಾಗದಲ್ಲಿ ಕಾಣುವಂತೆ ಅಂಟಿಸಿ. ಕೆಲಸಗಾರರಿಗೆ ಒಪ್ಪಿದ ನಕ್ಷೆ ತೋರಿಸಿ, ಯಾವ ಸಂದಿಯಲ್ಲಿ ಬೋಲ್ಟು ಅಂತ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿಕೊಡಿ. ನಡುವೆ ಏನಾದರೂ ಬದಲಾಯಿಸಬೇಕಾಗಿ ಬಂದರೆ ನಿಲ್ಲಿಸಿ, ತಿದ್ದುಪಡಿ ಕೇಳಿ, ಆಮೇಲೆ ಮುಂದುವರಿಸಿ.

ಅನುಮತಿ ಇಲ್ಲದೆ ಮಾಡಿದ ಕೆಲಸ ಸಿಕ್ಕಿಬಿದ್ದರೆ ಮೊದಲು ಎಚ್ಚರಿಕೆ ಪತ್ರ ಬರುತ್ತದೆ. ಸರಿಪಡಿಸಲು ಸಮಯ ಕೊಡುತ್ತಾರೆ. ಪತ್ರವನ್ನು ಡ್ರಾಯರಿನಲ್ಲಿ ಇಟ್ಟು ಮರೆತರೆ ಸಮನ್ಸ್, ದಂಡ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಹಳೆ ಉಲ್ಲಂಘನೆ ಬಾಕಿ ಇರುವವರೆಗೆ ಹೊಸ ಪರವಾನಗಿ ಸಿಗುವುದು ಕಷ್ಟ. ಹಿಂದಿನವರು ಮಾಡಿದ ತಪ್ಪಾದರೂ ಈಗಿನ ಮಾಲೀಕರ ತಲೆಗೇ ಬರುತ್ತದೆ. ಹಾಗಾಗಿ ಯಾವುದೇ ಅರ್ಜಿಗೆ ಮೊದಲು ಕಟ್ಟಡದ ಮೇಲೆ ಬಾಕಿ ಏನಾದರೂ ಇದೆಯಾ ಅಂತ ನೋಡಿಕೊಳ್ಳಿ.

ಕೆಲಸ ಮುಗಿದ ಮೇಲೆ ನೋಟಿಸ್ ಆಫ್ ಕಂಪ್ಲಯನ್ಸ್ ಕೇಳಿ ಪಡೆಯಿರಿ. ಒಪ್ಪಿದಂತೆಯೇ ಕೆಲಸ ಆಗಿದೆ ಎನ್ನುವ ಪತ್ರ ಅದು. ಅದನ್ನು, ಒಪ್ಪಿದ ನಕ್ಷೆಯನ್ನು, ಕೆಲಸಕ್ಕೆ ಮುಂಚಿನ ಮತ್ತು ನಂತರದ ಫೋಟೋಗಳನ್ನು ಒಂದೇ ಫೈಲಿನಲ್ಲಿ ಹಾಕಿ. ಗಾರೆಗೆ ಸುಣ್ಣ ಎಷ್ಟು, ಮರಳು ಎಷ್ಟು, ಮರಳು ಎಲ್ಲಿಯದು ಅಂತ ಒಂದು ಹಾಳೆಯಲ್ಲಿ ಬರೆದು ಅದಕ್ಕೇ ಸೇರಿಸಿ, ಫೈಲನ್ನು ಥಿಯೇಟರಿನ ಆಫೀಸಿನಲ್ಲೇ ಬಿಟ್ಟು ಬನ್ನಿ. ಮುಂದಿನ ಸಲ ಆ ಗೋಡೆಗೆ ಕೈ ಹಾಕುವವರು ಮೊದಲು ಹುಡುಕುವುದು ಅದನ್ನೇ.